ಅವನ ಋಣ ಎಲ್ಲಿದೆ ಎಂದು ಕೇಳಿ

ಪ್ರಶ್ನೆ: ನಾನು ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ಇಪ್ಪತ್ತೆರಡರ ಯುವಕ, ಹಳ್ಳಿಯಿಂದ ದೊಡ್ಡ ನಗರಕ್ಕೆ ದುಡಿಯಲು ಬಂದವನು. ಮೂರನೆಯ ಅಧ್ಯಾಯದಲ್ಲಿ ಅವನು ರಾತ್ರಿ ತಾರಸಿಯ ಮೇಲೆ ಕುಳಿತು ಊರಿನ ಕೆರೆಯನ್ನು ನೆನೆಯುತ್ತಾನೆ. ಅಲ್ಲಿಂದ ಮುಂದೆ ಕಥೆ ಕದಲುತ್ತಿಲ್ಲ. ಅವನು ಅಲ್ಲಿಯೂ ಸಲ್ಲದ, ಇಲ್ಲಿಯೂ ಸಲ್ಲದ ತ್ರಿಶಂಕು ಎಂಬುದನ್ನು ತೋರಿಸಬೇಕೆಂಬುದು ನನ್ನ ಆಸೆ. ಓದಿದ ಸ್ನೇಹಿತರು ‘ಇದನ್ನು ಎಲ್ಲೋ ಓದಿದ ಹಾಗಿದೆ’ ಎನ್ನುತ್ತಾರೆ. ಇಂಥ ಕಥೆಗಳಲ್ಲಿ ಬಂದವನು ಕೊನೆಗೆ ಹಾಳಾಗುತ್ತಾನೆ, ಇಲ್ಲವೇ ಊರಿಗೆ ಮರಳುತ್ತಾನೆ. ಮೂರನೆಯ ದಾರಿ ಇದೆಯೇ? ಅವನ ಗುರುತಿನ ಬಿಕ್ಕಟ್ಟನ್ನು ಹೇಗೆ ಬರೆಯಲಿ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಆ ತಾರಸಿಯನ್ನು ನಾನೂ ಬಲ್ಲೆ. ಹಸ್ತಪ್ರತಿಗಳನ್ನು ಓದುವುದೇ ಉದ್ಯೋಗವಾಗಿರುವ ನನಗೆ ಅದು ವರ್ಷದಲ್ಲಿ ಹಲವು ಬಾರಿ ಎದುರಾಗುತ್ತದೆ. ಕೆಲವೊಮ್ಮೆ ತಾರಸಿಯ ಬದಲು ಕಿಟಕಿ ಇರುತ್ತದೆ, ಕೆರೆಯ ಬದಲು ಮಾವಿನ ಮರ ಇರುತ್ತದೆ. ಕುಳಿತವನು ಮಾತ್ರ ಯಾವಾಗಲೂ ಒಬ್ಬನೇ. ಈ ‘ಒಬ್ಬನೇ’ ಎಂಬುದರಲ್ಲೇ ನಿಮ್ಮ ತೊಡಕು ಇದೆ.

ನೀವು ಯೋಚಿಸದೆ ಬಳಸಿದ ಎರಡು ಪದಗಳಿಂದಲೇ ಹೊರಡೋಣ. ಮೊದಲನೆಯದು ‘ಸಲ್ಲು’. ‘ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರಯ್ಯಾ’ ಎಂಬ ಬಸವಣ್ಣನವರ ಸಾಲು ಎಲ್ಲರ ಬಾಯಲ್ಲೂ ಇದೆ. ಆದರೆ ಆ ವಚನ ಕಮ್ಮಟದ ಮಾತಿನಿಂದ ಶುರುವಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಕಮ್ಮಟವೆಂದರೆ ನಾಣ್ಯ ಟಂಕಿಸುವ ಸ್ಥಳ. ಸಲ್ಲುವುದು ಮೂಲದಲ್ಲಿ ನಾಣ್ಯದ ಗುಣ. ಯಾವ ನಾಣ್ಯವೂ ತನ್ನಷ್ಟಕ್ಕೆ ತಾನೇ ಸಲ್ಲುವುದಿಲ್ಲ. ಒಬ್ಬ ಕೊಡಬೇಕು, ಇನ್ನೊಬ್ಬ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಪೆಟ್ಟಿಗೆಗೆ ಹಾಕಿಕೊಳ್ಳಬೇಕು, ಅಥವಾ ‘ಇದು ನಡೆಯುವುದಿಲ್ಲ’ ಎಂದು ಮರಳಿಸಬೇಕು. ನಿಮ್ಮ ನಾಯಕ ಸಲ್ಲುತ್ತಾನೋ ಇಲ್ಲವೋ ಎಂಬುದು ಅವನ ಮನಸ್ಸಿನೊಳಗೆ ತೀರ್ಮಾನವಾಗುವ ಸಂಗತಿಯೇ ಅಲ್ಲ. ಅದಕ್ಕೆ ಎದುರಿಗೆ ಇನ್ನೊಂದು ಕೈ ಬೇಕು. ತಾರಸಿಯಲ್ಲಿ ಆ ಕೈ ಇಲ್ಲ.

ಎರಡನೆಯದು ‘ತ್ರಿಶಂಕು’. ನಮ್ಮ ವಿಮರ್ಶೆಯಲ್ಲಿ ಇಷ್ಟು ಸವೆದ ಪದ ಇನ್ನೊಂದಿಲ್ಲ. ನೇತಾಡುವ ಭಾಗವೊಂದನ್ನೇ ಇಟ್ಟುಕೊಂಡು ಉಳಿದ ಕಥೆಯನ್ನು ಕೈಬಿಟ್ಟಿದ್ದೇವೆ. ಪುರಾಣದ ಒಂದು ಪಾಠದ ಪ್ರಕಾರ, ಬರಗಾಲದಲ್ಲಿ ವಿಶ್ವಾಮಿತ್ರರ ಹೆಂಡತಿ ಮಕ್ಕಳಿಗೆ ಅನ್ನ ಹಾಕಿ ಕಾಪಾಡಿದವನು ಈ ತ್ರಿಶಂಕು. ಅದನ್ನು ತೀರಿಸಲೆಂದೇ ಋಷಿ ಅವನನ್ನು ಸ್ವರ್ಗಕ್ಕೆ ಏರಿಸಲು ಹೊರಟ. ಇಂದ್ರ ತಳ್ಳಿದಾಗ ಸುಮ್ಮನಿರದೆ ಅವನಿಗಾಗಿ ಬೇರೆಯೇ ನಕ್ಷತ್ರಗಳ ಆಕಾಶವನ್ನು ಕಟ್ಟಲು ಕುಳಿತ. ಅಂದರೆ ಆ ನೇತಾಟದ ಹಿಂದೆ ಉಣ್ಣಿಸಿದ ಅನ್ನ ಇದೆ, ತೀರಿಸುವ ಹಟ ಇದೆ, ತಳ್ಳಿದವನ ದರ್ಪ ಇದೆ, ಕೊನೆಗೆ ಕಟ್ಟಿಕೊಂಡ ಒಂದು ಹೊಸ ಲೋಕವೂ ಇದೆ. ಕಾದಂಬರಿಗೆ ಬೇಕಾದದ್ದು ಇವೆಲ್ಲ.

ಈ ಎರಡು ಪದಗಳೂ ಕೈಮಾಡಿ ತೋರಿಸುವುದು ಒಂದೇ ಮಾತನ್ನು: ಋಣ. ‘ಈ ಊರಿನ ನೀರಿನ ಋಣ ಇತ್ತು’ ಎನ್ನುತ್ತೇವೆ, ‘ಇಲ್ಲಿನ ಅನ್ನದ ಋಣ ತೀರಿತು’ ಎನ್ನುತ್ತೇವೆ. ಒಂದು ಜಾಗಕ್ಕೆ ಸೇರಿದವನು ಎಂಬುದನ್ನು ನಮ್ಮ ಭಾಷೆ ಭಾವನೆಯ ಲೆಕ್ಕದಲ್ಲಿ ಹೇಳುವುದಿಲ್ಲ, ಕೊಡುಕೊಳ್ಳುವ ಲೆಕ್ಕದಲ್ಲಿ ಹೇಳುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ನಿಮ್ಮ ನಾಯಕನ ಮನಸ್ಸು ಎಲ್ಲಿದೆ ಎಂದು ಕೇಳುವುದನ್ನು ನಿಲ್ಲಿಸಿ. ಅವನ ಋಣ ಎಲ್ಲಿದೆ, ಯಾರ ಬಳಿ ಇದೆ, ಎಷ್ಟಿದೆ ಎಂದು ಕೇಳಿ. ಹಣದ ಋಣ ಅದರಲ್ಲಿ ಒಂದು ಬಗೆ ಮಾತ್ರ. ಮೊದಲ ರಾತ್ರಿ ಯಾರ ಕೋಣೆಯಲ್ಲಿ ಮಲಗಿದ, ಕೆಲಸಕ್ಕೆ ಯಾರು ಮಾತು ಹೇಳಿದರು, ಜ್ವರ ಬಂದಾಗ ಯಾರು ನೀರು ಕೊಟ್ಟರು, ಅಪ್ಪ ಯಾರ ಮುಂದೆ ತಲೆತಗ್ಗಿಸಿ ಬಸ್ಸಿನ ಹಣ ತಂದರು ಎಂಬುವೆಲ್ಲವೂ ಋಣಗಳೇ.

ಇದನ್ನು ಬಹಳ ಖಚಿತವಾಗಿ ಬರೆದವರಲ್ಲಿ ನೈಜೀರಿಯಾದ ಚಿನುವಾ ಅಚಿಬೆ ಒಬ್ಬರು. ಅವರ ‘ನೋ ಲಾಂಗರ್ ಅಟ್ ಈಸ್’ (1960) ಕಾದಂಬರಿಯ ಓಬಿ ಒಕೊಂಕ್ವೊ ಉಮುವೊಫಿಯಾ ಎಂಬ ಹಳ್ಳಿಯ ಹುಡುಗ. ಲಾಗೋಸ್ ನಗರದಲ್ಲಿ ನೆಲೆಸಿರುವ ಆ ಹಳ್ಳಿಯ ಜನರದೇ ಒಂದು ಸಂಘವಿದೆ. ಸದಸ್ಯರು ತಮ್ಮ ಮೇಲೆ ತಾವೇ ವಂತಿಗೆ ಹಾಕಿಕೊಂಡು ಎಂಟುನೂರು ಪೌಂಡ್ ಕೂಡಿಸಿ ಅವನನ್ನು ಇಂಗ್ಲೆಂಡಿಗೆ ಓದಲು ಕಳುಹಿಸುತ್ತಾರೆ. ಹಿಂದಿರುಗಿ ಬಂದ ಮೇಲೆ ಕಂತಿನಲ್ಲಿ ತೀರಿಸಬೇಕು. ಅವರಿಗೆ ಬೇಕಾಗಿದ್ದುದು ತಮ್ಮ ಜಮೀನಿನ ವ್ಯಾಜ್ಯಗಳನ್ನು ನಡೆಸಬಲ್ಲ ವಕೀಲ; ಅವನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಸ್ವಾಗತ ಸಮಾರಂಭದಲ್ಲಿ ಸಂಘದ ಕಾರ್ಯದರ್ಶಿ ಭಾರೀ ಪದಗಳ ಬಿನ್ನವತ್ತಳೆ ಓದಿದರೆ, ಓಬಿ ಬರಿಯ ಅಂಗಿಯಲ್ಲಿ ಬಂದು ಸರಳವಾದ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಕುಳಿತುಕೊಳ್ಳುತ್ತಾನೆ. ಜನರಿಗೆ ಮುಖಭಂಗ. ಎಂಟುನೂರು ಪೌಂಡಿಗೆ ಬಂದದ್ದು ಇದೇನಾ? ಎಷ್ಟು ಹಾಸ್ಯ, ಎಷ್ಟು ನೋವು ಈ ಒಂದೇ ದೃಶ್ಯದಲ್ಲಿ ಇದೆ ನೋಡಿ. ತಾನು ಯಾರು ಎಂದು ಅವನು ಒಮ್ಮೆಯೂ ತನ್ನನ್ನು ಕೇಳಿಕೊಂಡಿಲ್ಲ. ಆದರೂ ನಾಣ್ಯ ಸಲ್ಲಲಿಲ್ಲ ಎಂಬುದು ಸಭೆಗೆ ತಿಳಿದುಹೋಯಿತು.

ಮುಂದೆ ಅವನು ಸಂಘದ ಸಭೆಯಲ್ಲಿ ಸಾಲದ ಕಂತಿಗೆ ನಾಲ್ಕು ತಿಂಗಳ ಗಡುವು ಕೇಳುತ್ತಾನೆ. ಒಪ್ಪುತ್ತಾರೆ. ಆದರೆ ಅಧ್ಯಕ್ಷರು ಅದೇ ಉಸಿರಿನಲ್ಲಿ, ಮುಟ್ಟಬಾರದೆಂದು ಊರು ದೂರವಿಟ್ಟ ಕುಲದ ಹುಡುಗಿಯೊಬ್ಬಳ ಜೊತೆ ಅವನ ಓಡಾಟದ ಬಗ್ಗೆ ಹಿರಿಯರಂತೆ ಎಚ್ಚರಿಸಲು ಹೊರಡುತ್ತಾರೆ. ಓಬಿ ಸಿಡಿದೇಳುತ್ತಾನೆ, ಗಡುವೂ ಬೇಡ, ಈ ತಿಂಗಳ ಕೊನೆಯಿಂದಲೇ ಕಟ್ಟುತ್ತೇನೆ ಎಂದು ಹೊರಟುಹೋಗುತ್ತಾನೆ. ಸಾಲ ಕೊಟ್ಟವರಿಗೆ ಅವನ ಮದುವೆಯ ಮೇಲೂ ಹಕ್ಕಿದೆ ಎಂಬುದು ಅವರ ಲೆಕ್ಕ. ಆ ಲೆಕ್ಕದಿಂದ ಬಿಡಿಸಿಕೊಳ್ಳಲು ಅವನಿಗೆ ಹೊಳೆಯುವ ದಾರಿ ಬೇಗ ತೀರಿಸುವುದೊಂದೇ. ಹಣದ ಬಿಗಿ ಏರುತ್ತಾ ಹೋಗಿ ಅವನ ಕೈ ಲಂಚಕ್ಕೆ ಚಾಚುತ್ತದೆ, ನ್ಯಾಯಾಲಯದ ಕಟಕಟೆಗೂ ಬರುತ್ತಾನೆ. ಆಗ ಸಂಘ ಏನು ಮಾಡುತ್ತದೆ? ಬೈದುಕೊಂಡೇ ವಕೀಲರ ಶುಲ್ಕ ಕೊಡುತ್ತದೆ. ಕಷ್ಟದಲ್ಲಿರುವ ನಮ್ಮವನನ್ನು ಮೊದಲು ಬಿಡಿಸಬೇಕು ಎಂಬುದು ಅಧ್ಯಕ್ಷರ ನಿಲುವು. ಸೇರಿಕೆ ಎಂದರೆ ಇದು. ಅದು ಹಿತವಾಗಿರಬೇಕೆಂದಿಲ್ಲ. ಉಸಿರುಗಟ್ಟಿಸುವ ಕೈಯೂ ಎತ್ತಿ ಹಿಡಿಯುವ ಕೈಯೂ ಒಂದೇ.

ಹಳ್ಳಿ ಹಿಂದೆ ಉಳಿಯುತ್ತದೆ, ಮನುಷ್ಯ ಮುಂದೆ ಬರುತ್ತಾನೆ ಎಂಬ ಚಿತ್ರವೇ ತಪ್ಪು ಎನ್ನುವುದನ್ನೂ ಈ ಕಾದಂಬರಿಯಿಂದ ಕಲಿಯಬಹುದು. ಹಳ್ಳಿ ಅವನಿಗಿಂತ ಮೊದಲೇ ನಗರಕ್ಕೆ ಬಂದು ಕುರ್ಚಿ ಹಾಕಿಕೊಂಡು ಕುಳಿತಿರುತ್ತದೆ. ಅಣ್ಣನ ರೂಪದಲ್ಲಿ, ಮೇಸ್ತ್ರಿಯ ರೂಪದಲ್ಲಿ, ಸಂಘದ ರೂಪದಲ್ಲಿ. ಅಮೆರಿಕದ ಥಿಯೋಡರ್ ಡ್ರೈಸರ್ ಬರೆದ ‘ಸಿಸ್ಟರ್ ಕ್ಯಾರಿ’ಯಲ್ಲಿ (1900) ಹದಿನೆಂಟರ ಹುಡುಗಿ ಸಣ್ಣ ಊರಿನಿಂದ ಷಿಕಾಗೊಗೆ ಬರುವಾಗ ಅವಳ ಬಳಿ ನಾಲ್ಕು ಡಾಲರ್ ಮತ್ತು ಅಕ್ಕನ ವಿಳಾಸದ ಚೀಟಿ ಇರುತ್ತದೆ. ಸಿಕ್ಕ ಕೆಲಸದ ವಾರದ ಸಂಬಳ ನಾಲ್ಕೂವರೆ ಡಾಲರ್. ಅದರಲ್ಲಿ ನಾಲ್ಕು ಡಾಲರ್ ಅಕ್ಕನ ಮನೆಯ ಊಟ ವಸತಿಗೆ ಹೋಗುತ್ತದೆ. ಅಕ್ಕ ಕೆಟ್ಟವಳಲ್ಲ, ಭಾವ ಲೆಕ್ಕಾಚಾರದ ಮನುಷ್ಯ, ಅಷ್ಟೇ. ಉಳಿಯುವ ಆ ಅರ್ಧ ಡಾಲರಿನಲ್ಲಿ ಕ್ಯಾರಿಯ ಮುಂದಿನ ದಾರಿ ಪೂರ್ತಿ ಅಡಗಿದೆ. ನಗರದ ಥಳುಕು ಅವಳನ್ನು ಸೆಳೆಯಿತು ಎಂದು ಒಂದು ಪುಟ ಬರೆಯುವುದಕ್ಕಿಂತ ಆ ಕಳೆಯುವ ಲೆಕ್ಕ ಎಷ್ಟೋ ಹೆಚ್ಚು ಹೇಳುತ್ತದೆ.

ಇನ್ನು ಹಾಳಾಗುವ ಮುಕ್ತಾಯದ ಬಗ್ಗೆ. ಅದರ ಅತ್ಯಂತ ಕಠೋರ ಮಾದರಿ ಚೀನಾದ ಲಾವೊ ಶೆ 1936-37ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ, ರಿಕ್ಷಾ ಎಳೆಯುವವನ ಕಾದಂಬರಿ. ಅಪ್ಪ ಅಮ್ಮ ಮತ್ತು ಇದ್ದ ತುಂಡು ಹೊಲ ಎರಡನ್ನೂ ಕಳೆದುಕೊಂಡ ಶಿಯಾಂಗ್ಜಿ ಹದಿನೆಂಟನೆಯ ವಯಸ್ಸಿನಲ್ಲಿ ಪೀಕಿಂಗ್ ನಗರಕ್ಕೆ ಬರುತ್ತಾನೆ. ಮೂರು ವರ್ಷ ಹೊಟ್ಟೆ ಕಟ್ಟಿ ಸ್ವಂತ ರಿಕ್ಷಾ ಕೊಳ್ಳುತ್ತಾನೆ. ಸೈನಿಕರು ಕಿತ್ತುಕೊಳ್ಳುತ್ತಾರೆ. ಮತ್ತೆ ಕೂಡಿಟ್ಟ ಹಣವನ್ನು ಪತ್ತೇದಾರನೊಬ್ಬ ಬೆದರಿಸಿ ದೋಚುತ್ತಾನೆ. ಆಮೇಲೆ ಹೆಂಡತಿಯ ಹಣದಲ್ಲಿ ಬಂದ ರಿಕ್ಷಾವನ್ನು ಅವಳ ಶವಸಂಸ್ಕಾರಕ್ಕೆಂದು ಮಾರಬೇಕಾಗುತ್ತದೆ. ಇದನ್ನು ನಗರ ಕೆಡಿಸಿದ ಹಳ್ಳಿಗನ ಕಥೆ ಎಂದು ಓದುವವರು ಒಂದು ವಿವರವನ್ನು ದಾಟಿಬಿಡುತ್ತಾರೆ. ಅವನಿಗೆ ಯಾರ ಋಣವೂ ಬೇಡ. ಸಹವರ್ತಿಗಳು ಕೂಡಿ ಚೀಟಿ ಹಾಕಿದರೆ ಇವನು ಸೇರುವುದಿಲ್ಲ, ಹಣವನ್ನು ಯಾರ ಕೈಗೂ ಕೊಡುವುದಿಲ್ಲ. ತನ್ನ ಕಾಲು, ತನ್ನ ಬೆವರು, ತನ್ನ ರಿಕ್ಷಾ. ಒಂಟಿಯಾಗಿ ಸಲ್ಲಬಹುದು ಎಂಬ ನಂಬಿಕೆಯನ್ನೇ ಲಾವೊ ಶೆ ಅವನ ಮೂಲಕ ಒರೆಗೆ ಹಚ್ಚಿದ್ದಾರೆ. ಆ ನಂಬಿಕೆ ಪುಟಪುಟವಾಗಿ ಮುರಿಯುವುದರಿಂದಲೇ ಅವನ ಪತನ ನಮಗೆ ತಟ್ಟುತ್ತದೆ. ಸುಮ್ಮನೆ ಕಷ್ಟಗಳ ಪಟ್ಟಿ ಕೊಟ್ಟಿದ್ದರೆ ಬೇಸರ ಬರುತ್ತಿತ್ತು.

(ಒಂದು ಪಕ್ಕದ ಕಥೆ. ಈ ಕಾದಂಬರಿ 1945ರಲ್ಲಿ ಇಂಗ್ಲಿಷಿಗೆ ಬಂದಾಗ ಅನುವಾದಕರು ಲೇಖಕರ ಮುಕ್ತಾಯವನ್ನು ಕಿತ್ತುಹಾಕಿ, ಶಿಯಾಂಗ್ಜಿ ಪ್ರೀತಿಸಿದ ಹುಡುಗಿಯನ್ನು ಬದುಕಿಸಿ, ಇಬ್ಬರನ್ನೂ ಸೇರಿಸಿ ಸುಖಾಂತ ಮಾಡಿಬಿಟ್ಟರು. ಪುಸ್ತಕ ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾಯಿತು. ‘ಬೇರೆ ಮುಕ್ತಾಯವಿಲ್ಲವೇ’ ಎಂದು ಕೇಳುವ ನೀವು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಕ್ತಾಯವನ್ನು ಬದಲಿಸುವುದು ಕಷ್ಟವಲ್ಲ, ಅದಕ್ಕೆ ಹಿಂದಿನ ಪುಟಗಳ ಒಪ್ಪಿಗೆ ಸಿಗುವುದು ಕಷ್ಟ.)

ಮರಳುವ ಮುಕ್ತಾಯಕ್ಕೂ ಇದೇ ಪರೀಕ್ಷೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಮೂರನೆಯ ತಲೆಮಾರಿನ ರಾಮ ಮದರಾಸು, ಮುಂಬಯಿಗಳನ್ನು ಕಂಡು ಬಂದು ಕಡಲತೀರದ ಹಳ್ಳಿಯಲ್ಲಿ ನಿಲ್ಲುತ್ತಾನೆ. ಆ ಮರಳುವಿಕೆ ಯಾಕೆ ಸುಳ್ಳೆನಿಸುವುದಿಲ್ಲ? ಮರಳಲು ಅಲ್ಲೊಂದು ಮಣ್ಣು ಇತ್ತು. ಅವನು ಹುಟ್ಟುವ ಮೊದಲಿನಿಂದ ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ ಆ ಮಣ್ಣಿನ ಮೇಲೆ ಬಾಗಿ ದುಡಿದದ್ದನ್ನು ನಾವು ನೂರಾರು ಪುಟ ನೋಡಿರುತ್ತೇವೆ. ರಾಮ ಹಿಂದಿರುಗುವುದು ಪ್ರಕೃತಿಯ ಮಡಿಲಿಗಲ್ಲ, ಆ ಹೆಂಗಸರ ಲೆಕ್ಕಕ್ಕೆ. ಕಾರಂತರದೇ ‘ಚೋಮನ ದುಡಿ’ಯ ಚೋಮನನ್ನು ಪಕ್ಕಕ್ಕೆ ಇಡಿ: ಬದುಕಿಡೀ ತುಂಡು ಬೇಸಾಯದ ಭೂಮಿಗೆ ಹಂಬಲಿಸಿ ಸಿಗದೆ ಸತ್ತವನು. ಅವನ ಮಗನೊಬ್ಬ ನಗರಕ್ಕೆ ಹೋದನೆಂದು ಊಹಿಸಿಕೊಳ್ಳಿ. ಅವನು ಮರಳಬೇಕಾದದ್ದು ಯಾವ ಮಣ್ಣಿಗೆ? ಊರಿನಲ್ಲಿ ಏನಿತ್ತು ಎಂಬುದು ತಿಳಿಯದೆ ಊರಿಗೆ ಮರಳುವ ಕೊನೆಯ ಅಧ್ಯಾಯ ಬರೆಯಬಾರದು.

ಇಲ್ಲಿ ನಿಮ್ಮ ಕೆರೆಯ ಮಾತು ಬರುತ್ತದೆ. ಆ ಕೆರೆಯಲ್ಲಿ ಅವನು ಈಜಬಹುದಿತ್ತೇ? ಅವನ ಮನೆಯವರು ಯಾವ ಬದಿಯಿಂದ ನೀರು ತುಂಬಿಕೊಳ್ಳುತ್ತಿದ್ದರು? ನಿಮ್ಮ ಪತ್ರದಲ್ಲಿ ಅವನ ಜಾತಿಯೂ ಇಲ್ಲ, ಜಮೀನಿನ ಪ್ರಮಾಣವೂ ಇಲ್ಲ. ಎರಡೂ ಇಲ್ಲದ ಹಳ್ಳಿಗ ಹಳ್ಳಿಯಲ್ಲಿ ಸಿಗುವುದಿಲ್ಲ, ನಗರದವರ ಕಲ್ಪನೆಯಲ್ಲಿ ಸಿಗುತ್ತಾನೆ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆಯ ಕೂಪ, ಅಜ್ಞಾನದ ಗುಹೆ ಎಂಬ ಅರ್ಥದಲ್ಲಿ ಖಂಡಿಸಿದಾಗ ಹಲವರಿಗೆ ನೋವಾಯಿತು. ಆ ಮಾತಿನ ಹಿಂದೆ ಇದ್ದ ಅನುಭವವನ್ನು ಕಾಣಬೇಕಾದರೆ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಒಂದು ಚಿತ್ರ ಸಾಕು: ಹೊಲದಲ್ಲಿ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ನೋಡುತ್ತಿರುವ ಹುಡುಗನಿಗೆ ಅವರಲ್ಲಿ ಒಬ್ಬ ತನ್ನ ಅಪ್ಪ ಎಂಬುದು ಗೊತ್ತಾಗುತ್ತದೆ. ಇಂಥಲ್ಲಿಂದ ಬಂದವನಿಗೆ ನಗರದ ಅಪರಿಚಿತತೆ ಶಾಪವಲ್ಲ. ಹೆಸರು ಕೇಳದೆ ಪಕ್ಕದ ಸೀಟಿನಲ್ಲಿ ಜಾಗ ಕೊಡುವ ಬಸ್ಸು ಅವನಿಗೆ ಒಂದು ಬಿಡುಗಡೆ. ನಿಮ್ಮ ನಾಯಕ ಯಾವುದರಿಂದ ತಪ್ಪಿಸಿಕೊಂಡು ಬಂದ ಎಂಬುದೂ ಅವನ ಗುರುತಿನ ಭಾಗ. ಅದನ್ನು ಬರೆಯದೆ ಬಿಟ್ಟುಬಂದ ಕೆರೆಯನ್ನಷ್ಟೇ ಬರೆದರೆ ಅರ್ಧ ಮನುಷ್ಯನನ್ನು ಬರೆದಂತೆ.

ಸಂತೋಷವನ್ನೂ ಬರೆಯಿರಿ. ಈ ಬಗೆಯ ಕಥನದಲ್ಲಿ ಇದು ಎಷ್ಟು ಅಪರೂಪವೆಂದರೆ ಸಿಕ್ಕಾಗ ಬೆಚ್ಚಿಬೀಳುತ್ತೇನೆ. 20ನೆಯ ಶತಮಾನದಲ್ಲಿ ಸುಮಾರು 60 ಲಕ್ಷ ಕಪ್ಪು ಜನರು ಅಮೆರಿಕದ ದಕ್ಷಿಣದ ಹಳ್ಳಿಗಾಡಿನಿಂದ ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೊರಟುಹೋದರು. ಟೋನಿ ಮಾರಿಸನ್ ‘ಜಾಝ್’ (1992) ಕಾದಂಬರಿಯಲ್ಲಿ ಅಂಥ ಒಂದು ದಂಪತಿಯನ್ನು 1906ರಲ್ಲಿ ರೈಲು ಹತ್ತಿಸುತ್ತಾರೆ. ನಗರ ಹತ್ತಿರವಾಗುತ್ತಿದ್ದಂತೆ ಜೋ ಮತ್ತು ವಯೊಲೆಟ್ ಬೋಗಿಯಲ್ಲಿ ನಿಂತು, ಬಂಡಿಯ ಕುಲುಕಾಟಕ್ಕೆ ಸರಿಯಾಗಿ ಕುಣಿಯುತ್ತಾರೆ. ಮುಂದೆ ಆ ನಗರದಲ್ಲಿ ನಡೆಯುವುದು ಕೊಲೆ. ಆದರೂ ಆ ಕುಣಿತವನ್ನು ಲೇಖಕಿ ಸುಳ್ಳು ಮಾಡುವುದಿಲ್ಲ.

ಅದೇ ಕಾದಂಬರಿಯಲ್ಲಿ ಹೆಸರಿನ ಒಂದು ಸಂಗತಿ ಇದೆ. ಜೋ ಅನಾಥ. ಅಪ್ಪ ಅಮ್ಮ ಎಲ್ಲಿ ಎಂದು ಸಾಕಿದವಳನ್ನು ಕೇಳಿದಾಗ, ಅವರು ಸುಳಿವೂ ಇಲ್ಲದೆ ಕಣ್ಮರೆಯಾದರು ಎಂಬ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ಸುಳಿವಿಗೆ ‘ಟ್ರೇಸ್’. ಅವರು ಬಿಟ್ಟುಹೋದ ಆ ‘ಟ್ರೇಸ್’ ತಾನೇ ಎಂದು ತಿಳಿದ ಹುಡುಗ ಶಾಲೆಯಲ್ಲಿ ತನ್ನ ಹೆಸರು ಜೋಸೆಫ್ ಟ್ರೇಸ್ ಎಂದು ಬರೆಸುತ್ತಾನೆ. ಗುರುತು ಎಂಬ ದೊಡ್ಡ ಪದವನ್ನು ಕೆಳಗಿಳಿಸಿ ಹೆಸರಿನ ಮಟ್ಟಕ್ಕೆ ತಂದರೆ ದೃಶ್ಯಗಳು ತಾವಾಗಿ ಹುಟ್ಟುತ್ತವೆ. ಲಾವೊ ಶೆಯ ಶಿಯಾಂಗ್ಜಿಗೆ ಮನೆತನದ ಹೆಸರಿಲ್ಲ. ನಗರವೇ ಅವನಿಗೆ ‘ಒಂಟೆ’ ಎಂಬ ಅಡ್ಡಹೆಸರು ಅಂಟಿಸುತ್ತದೆ. ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಮುಂಬಯಿಯ ಒಂದು ಜೋಡಿ ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕು. ಹುಡುಗನಿಗೆ ಹಿಂದುಮುಂದಿಲ್ಲ, ಹೆಸರಿನ ಜೊತೆಗೆ ಯಾವ ಕುಲನಾಮ ಬರೆಸುವುದು ಎಂಬುದೇ ಕಥೆ. ಯಾವುದನ್ನು ಆರಿಸಿದರೂ ಅದರ ಜೊತೆಗೆ ಒಂದು ಪ್ರಾಂತ್ಯ, ಒಂದು ಜಾತಿ, ಒಂದು ಧರ್ಮ ಬರುತ್ತದೆ. ನಗರದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಎನ್ನುತ್ತೇವೆ. ಅಚ್ಚಿನ ಮನೆ ಕೇಳುತ್ತದೆ, ಬಾಡಿಗೆ ಮನೆಯ ಯಜಮಾನ ಕೇಳುತ್ತಾನೆ, ಅರ್ಜಿ ನಮೂನೆ ಕೇಳುತ್ತದೆ. ನಿಮ್ಮ ನಾಯಕನನ್ನು ಅಮ್ಮ ಏನೆಂದು ಕರೆಯುತ್ತಾಳೆ, ಮೇಲ್ವಿಚಾರಕ ಏನೆಂದು ಕರೆಯುತ್ತಾನೆ, ಹಾಜರಿ ಪುಸ್ತಕದಲ್ಲಿ ಯಾವ ಕಾಗುಣಿತದಲ್ಲಿದ್ದಾನೆ? ಇಷ್ಟಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ಬಡ ಕೂಲಿಯವನಿಗೆ ಮಾತ್ರ ಈ ತೊಡಕು ಎಂದುಕೊಳ್ಳಬೇಡಿ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವನು. ಆದರೂ ಕಂಪನಿಯ ಒಳಸಂಚಿನಲ್ಲಿ ಸಿಕ್ಕಿಬಿದ್ದಾಗ ಅವನ ಮೇಲೆ ಎರಗುವುದು ಬರಿಯ ಕಚೇರಿಯ ಆರೋಪವಲ್ಲ. ಬಾಲ್ಯದ, ಕುಟುಂಬದ, ಹುಟ್ಟಿದೂರಿನ ಗತವೂ ಎದ್ದು ಬರುತ್ತದೆ. ಮರೆತದ್ದಕ್ಕೂ ಬಡ್ಡಿ ಬೆಳೆದಿರುತ್ತದೆ.

ಹಂಬಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಕೋಪಿಸಿಕೊಳ್ಳಬೇಡಿ. ಆ ಕೆರೆಯ ಹಂಬಲ ನಿಮ್ಮ ನಾಯಕನದೋ, ನಿಮ್ಮದೋ? ಬ್ರಿಟನ್ನಿನ ವಿಮರ್ಶಕ ರೇಮಂಡ್ ವಿಲಿಯಮ್ಸ್ ‘ದಿ ಕಂಟ್ರಿ ಅಂಡ್ ದಿ ಸಿಟಿ’ (1973) ಎಂಬ ಪುಸ್ತಕದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಹಿಡಿದು ಒಂದು ತಮಾಷೆಯ ಪತ್ತೆದಾರಿಕೆ ಮಾಡುತ್ತಾರೆ. ಒಬ್ಬ ಲೇಖಕ ‘ನಿಜವಾದ ಹಳ್ಳಿ ಇದೀಗ, ನನ್ನ ಬಾಲ್ಯದ ನಂತರ, ಮುಗಿಯಿತು’ ಎನ್ನುತ್ತಾನೆ. ಅವನ ಬಾಲ್ಯದ ಕಾಲದ ಲೇಖಕರನ್ನು ಕೇಳಿದರೆ ಅದು ತಮ್ಮ ಬಾಲ್ಯದಲ್ಲೇ ಮುಗಿದಿತ್ತು ಎನ್ನುತ್ತಾರೆ. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಹೋದರೆ ನಿಲ್ಲುವುದು ಈಡನ್ ತೋಟದ ಬಾಗಿಲಲ್ಲಿ. ಹಳ್ಳಿಯ ಹೆಸರಿನಲ್ಲಿ ನಾವು ಅನೇಕ ಬಾರಿ ನಮ್ಮ ಬಾಲ್ಯವನ್ನು ನೆನೆಯುತ್ತಿರುತ್ತೇವೆ.

ಟರ್ಕಿಯ ಕಾದಂಬರಿಕಾರ ಒರ್ಹಾನ್ ಪಾಮುಕ್ ಇದನ್ನು ಇನ್ನೂ ಚೆಂದವಾಗಿ ತಿರುಗಿಸಿದ್ದಾರೆ. ಅವರ 2014ರ ಕಾದಂಬರಿಯ (ಇಂಗ್ಲಿಷಿನಲ್ಲಿ ‘ಎ ಸ್ಟ್ರೇಂಜ್‌ನೆಸ್ ಇನ್ ಮೈ ಮೈಂಡ್’) ಮೆವ್ಲುತ್ 1969ರಲ್ಲಿ, ಹನ್ನೆರಡು ವರ್ಷದವನಿದ್ದಾಗ, ಅನಟೋಲಿಯಾದ ಹಳ್ಳಿಯಿಂದ ಅಪ್ಪನ ಜೊತೆ ಇಸ್ತಾಂಬುಲ್‌ಗೆ ಬರುತ್ತಾನೆ. ಗುಡ್ಡದ ಮೇಲೆ ಬೇಲಿ ಹಾಕಿ ಹಿಡಿದ ಜಾಗ, ಅದಕ್ಕೊಂದು ದೃಢವಲ್ಲದ ಕಾಗದ, ದಾಯಾದಿಗಳ ಜಗಳ ಎಲ್ಲವೂ ಇದೆ. ರಾತ್ರಿ ಬೀದಿ ಬೀದಿ ಕೂಗುತ್ತಾ ‘ಬೋಝಾ’ ಎಂಬ ಹುಳಿಬರಿಸಿದ ಧಾನ್ಯದ ಪಾನೀಯ ಮಾರುವುದು ಅವನ ಕಸುಬು. ಅಂಗಡಿಗಳಲ್ಲಿ ಎಲ್ಲವೂ ಸಿಗುವ ಕಾಲದಲ್ಲೂ ಮಹಡಿಯ ಮನೆಗಳ ಜನ ಅವನನ್ನು ಮೇಲೆ ಕರೆಯುತ್ತಾರೆ. ಅವರಿಗೆ ಬೇಕಾಗಿರುವುದು ಪಾನೀಯವಲ್ಲ. ಆ ಕೂಗಿನಲ್ಲಿ ಹಳೆಯ ಕಾಲ ಕೇಳಿಸುತ್ತದೆ. ಹಂಬಲ ನಗರದವರದು, ಅದನ್ನು ಹೊತ್ತು ಮಹಡಿ ಹತ್ತುವವನು ಹಳ್ಳಿಯಿಂದ ಬಂದವನು. ಬೆನ್ನು ನೋವು ಅವನಿಗೆ.

ಹೆಣ್ಣು ಪಾತ್ರಗಳ ವಿಷಯ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಊರಿನಲ್ಲಿ ಕಾಯುವ ತಾಯಿ, ಫೋನಿನ ಆಚೆ ಅಳುವ ತಂಗಿ ಇರಬಹುದು ಎಂಬುದು ನನ್ನ ಊಹೆ. ಇದನ್ನು ಗಮನಿಸಿ: ಭಾರತದ ಜನಗಣತಿಯಲ್ಲಿ ಹೆಣ್ಣುಮಕ್ಕಳ ವಲಸೆಗೆ ದಾಖಲಾಗುವ ಅತಿ ದೊಡ್ಡ ಕಾರಣ ಮದುವೆ. ತವರು ಬಿಟ್ಟು ಬಂದ ಹೆಂಗಸಿಗೆ ಊರು ಎಂಬುದು ಒಮ್ಮೆ ಆಗಲೇ ಬದಲಾಗಿರುತ್ತದೆ. ಎರಡು ಮನೆಗಳ ನಡುವೆ ಯಾವುದು ನನ್ನದು ಎಂದು ಗಂಡಸು ನಗರಕ್ಕೆ ಬಂದು ಇಪ್ಪತ್ತೆರಡರಲ್ಲಿ ಕೇಳಿಕೊಳ್ಳುವ ಪ್ರಶ್ನೆಯನ್ನು ಅವಳು ಹೊಸ ಅಡುಗೆಮನೆಯಲ್ಲಿ ನಿಂತು, ಯಾರಿಗೂ ಹೇಳದೆ, ದಾಟಿರುತ್ತಾಳೆ. ಆ ತಾಯಿಯ ಬಾಯಿಂದ ‘ನನಗೂ ಮೊದಲ ವರ್ಷ ಹೀಗೇ ಆಗಿತ್ತು’ ಎಂಬ ಮಾತು ಬಂದರೆ ನಿಮ್ಮ ನಾಯಕನ ದುಃಖದ ಗಾತ್ರ ಒಮ್ಮೆಲೇ ಸರಿಯಾದ ಅಳತೆಗೆ ಇಳಿಯುತ್ತದೆ.

ಭಾಷೆಯ ಬಗ್ಗೆ ಚಿಕ್ಕದಾಗಿ. ನಿರೂಪಣೆ ಪುಸ್ತಕದ ಭಾಷೆಯಲ್ಲಿ, ನಾಯಕನ ಮಾತು ಮಾತ್ರ ಆಡುನುಡಿಯಲ್ಲಿ ಎಂಬ ಏರ್ಪಾಡು ರೂಢಿಯಾಗಿದೆ. ಆಗ ಆಡುನುಡಿ ಅವನ ಹಣೆಗೆ ಹಚ್ಚಿದ ಗುರುತಾಗುತ್ತದೆ. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಇಡೀ ನಿರೂಪಣೆಯನ್ನೇ ಆ ನೆಲದ ನುಡಿಗೆ ಒಪ್ಪಿಸಿ ಈ ಮೇಲುಕೀಳನ್ನು ಮುರಿದರು. ಎಲ್ಲರೂ ಹಾಗೆ ಬರೆಯಲಾಗುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ನಗರಕ್ಕೆ ಬಂದವನಿಗೆ ಒಂದೇ ಮಾತಿನ ಬಗೆ ಇರುವುದಿಲ್ಲ. ಕೆಲಸದ ಜಾಗದಲ್ಲಿ ಒಂದು, ಜೊತೆಯವರೊಂದಿಗೆ ಒಂದು, ಊರಿನ ಫೋನ್ ಬಂದಾಗ ಇನ್ನೊಂದು. ಎರಡನೆಯದರಿಂದ ಮೂರನೆಯದಕ್ಕೆ ಅವನು ಜಾರುವುದನ್ನು ಪಕ್ಕದಲ್ಲಿದ್ದ ಯಾರೋ ಮೊದಲ ಬಾರಿಗೆ ಕೇಳಿಸಿಕೊಳ್ಳುವ ಒಂದು ಗಳಿಗೆ ನಿಮ್ಮ ಕಾದಂಬರಿಯಲ್ಲಿ ಇರಲಿ. ಅವನಿಗೆ ನಾಚಿಕೆಯಾಗುತ್ತದೋ ಇಲ್ಲವೋ, ಕೇಳಿಸಿಕೊಂಡವರು ನಗುತ್ತಾರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು.

ಮೂರನೆಯ ದಾರಿ ಇದೆಯೇ ಎಂದು ಕೇಳಿದಿರಿ. ಇದೆ. ಹಾಳಾಗುವುದು, ಮರಳುವುದು ಎರಡೂ ಋಣ ಮುಗಿದ ಕಥೆಗಳು. ಹೆಚ್ಚಿನವರು ಬದುಕುವುದು ಮುಗಿಯದ ಋಣದಲ್ಲಿ. ಇಲ್ಲಿನ ಸಾಲ ತೀರಿಸಲು ಅಲ್ಲಿ ಕೈಯೊಡ್ಡಿ, ಅಲ್ಲಿನ ಮಾತು ಉಳಿಸಲು ಇಲ್ಲಿ ರಜೆ ಬೇಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಸಲ್ಲುತ್ತಾ ಹೋಗುತ್ತಾರೆ. ಮುಕ್ತಾಯ ಸಿಗುವುದಿಲ್ಲ ಎಂದು ಹೆದರಬೇಡಿ. ಲೆಕ್ಕದ ಪುಸ್ತಕದಲ್ಲಿ ಹೆಸರು ಜಮೆಯ ಕಡೆಯಿಂದ ಖರ್ಚಿನ ಕಡೆಗೆ ದಾಟುವ, ಪಡೆದವನು ಕೊಡುವವನಾಗುವ ಒಂದು ದಿನ ಬಂದೇ ಬರುತ್ತದೆ. ಕಾದಂಬರಿಗೆ ಅಂಥ ದಿನ ಸಾಕು.

ಆದ್ದರಿಂದ ಮೂರನೆಯ ಅಧ್ಯಾಯವನ್ನು ಹರಿದುಹಾಕಬೇಡಿ. ತಾರಸಿ ಇರಲಿ, ರಾತ್ರಿಯೂ ಇರಲಿ. ಇನ್ನೊಬ್ಬನನ್ನು ಮೆಟ್ಟಿಲು ಹತ್ತಿಸಿ. ಊರಿನಿಂದ ಅಂದೇ ಬಂದಿಳಿದ ಹುಡುಗ, ದೂರದ ಸಂಬಂಧಿ. ಕೈಯಲ್ಲಿ ನಿಮ್ಮ ನಾಯಕನ ವಿಳಾಸ ಬರೆದ ಚೀಟಿ ಇದೆ. ಅದನ್ನು ಬರೆದುಕೊಟ್ಟವನು, ನಾಯಕನಿಗೆ ಬಸ್ಸಿನ ಹಣ ಕೊಟ್ಟಿದ್ದ ಅದೇ ಮನುಷ್ಯ. ಕೋಣೆಯಲ್ಲಿ ಆಗಲೇ ನಾಲ್ವರ ಚಾಪೆಗಳಿವೆ, ಐದನೆಯವನನ್ನು ಇಟ್ಟುಕೊಳ್ಳಬಾರದೆಂದು ಮನೆಯ ಯಜಮಾನ ಹೇಳಿದ್ದಾನೆ. ಕೆಳಗಿನಿಂದ ಯಜಮಾನ ಟಾರ್ಚ್ ಬಿಟ್ಟು ‘ಯಾರದು ಮೇಲೆ, ನಿನ್ನ ಜೊತೆ?’ ಎಂದು ಕೇಳುತ್ತಾನೆ. ನಿಮ್ಮ ನಾಯಕ ‘ನನ್ನ ತಮ್ಮ’ ಎನ್ನುತ್ತಾನೋ, ‘ನಮ್ಮ ಕಡೆಯ ಯಾರೋ’ ಎನ್ನುತ್ತಾನೋ? ಅದನ್ನು ಬರೆದು ಕಳುಹಿಸಿ. ಕೆರೆ ಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ.